ಮೈಕಿಗಿಟ್ಟ ಗಂಧ

ನಾನು ಒಂದು ಮೈಕು. ಮೈಕು ಎಂದ ಕೂಡಲೇ ನಿಮಗೆ ಗಣೇಶನ ಪೆಂಡಾಲಿನಲ್ಲಿ ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಎನ್ನಿಸಿಕೊಂಡು ಎಲ್ಲರ ಉಗುಳು ಸಿಡಿಸಿಕೊಳ್ಳುವ ಉದ್ದ ಕತ್ತಿನವನು ನೆನಪಾಗಬಹುದು. ನಾನು ಆ ಪೈಕಿಯಲ್ಲ. ಮದರಾಸಿನ ಕೋಡಂಬಾಕ್ಕಂನಲ್ಲಿ, ತಮಿಳು ಸಿನಿಮಾದ ಹಾಡುಗಳು ಹುಟ್ಟುತ್ತಿದ್ದ ಒಂದು ರೆಕಾರ್ಡಿಂಗ್ ಥಿಯೇಟರಿನಲ್ಲಿ, ಹಿನ್ನೆಲೆ ಗಾಯಕರ ತುಟಿಯಿಂದ ಒಂದು ಗೇಣು ದೂರದಲ್ಲಿ ಮೂವತ್ತು ವರ್ಷ ನಿಂತವನು. ನೋಡಿ, ಬಾಯಿ ತೆರೆದ ಕೂಡಲೇ ಜಂಭ ಕೊಚ್ಚಿಕೊಂಡೆ. ಈ ಜಂಭದಿಂದ ನಾನೊಬ್ಬನೇ ಹಾಳಾಗಿದ್ದರೆ ಚಿಂತೆಯಿರಲಿಲ್ಲ, ಒಬ್ಬ ಹೆಣ್ಣುಮಗಳ ಬದುಕು ಹಾಳಾಯಿತು. ಮುಖ ಎತ್ತಿ ಹೇಳುವಂಥ ಕತೆಯಲ್ಲ. ಆದರೂ ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಜರ್ಮನಿಯ ಒಂದು ಕಾರ್ಖಾನೆಯಲ್ಲಿ. ಬಿಳಿ ಕೋಟು ತೊಟ್ಟ ಹೆಂಗಸೊಬ್ಬಳು ಉಸಿರು ಬಿಗಿಹಿಡಿದು, ಈರುಳ್ಳಿಯ ಒಳಪೊರೆಗಿಂತ ತೆಳುವಾದ ಒಂದು ಹಾಳೆಯನ್ನು ಪುಟ್ಟ ಬಳೆಯಂಥ ಚೌಕಟ್ಟಿಗೆ ಬಿಗಿದಳು. ಆ ಹಾಳೆಗೆ ಬಂಗಾರದ ಲೇಪವಿದೆ. ನನ್ನ ಕಿವಿ ಎಂದರೂ ಅದೇ, ಎದೆ ಎಂದರೂ ಅದೇ. ಅದರ ಮೇಲೆ ಬೆಳ್ಳಿ ಬಣ್ಣದ ಜಾಲರಿಯ ಟೊಪ್ಪಿಗೆ ಕೂರಿಸಿದರು. ಕರೆಂಟು ಹರಿದರೆ ಕೇಳಿದ್ದನ್ನೆಲ್ಲ ತಂತಿಯ ಮೂಲಕ ಹೇಳುತ್ತೇನೆ. ಕರೆಂಟು ಇಲ್ಲದಿದ್ದರೂ ನನಗೆ ಎಲ್ಲವೂ ಕೇಳಿಸುತ್ತದೆ, ಆದರೆ ಹೇಳಲಾರೆ. ನನ್ನ ಸಂಕಟವೆಲ್ಲ ಹುಟ್ಟಿದ್ದು ಇದರಿಂದಲೇ.

ಹಡಗಿನಲ್ಲಿ ಮದರಾಸಿಗೆ ಬಂದೆ. ರೆಕಾರ್ಡಿಂಗ್ ಥಿಯೇಟರಿನವರು ನನ್ನನ್ನು ಒಪ್ಪಿಸಿದ್ದು ತಣಿಕಾಚಲಂ ಎಂಬ ಸೌಂಡ್ ಎಂಜಿನಿಯರ್ ಕೈಗೆ. ಮೂವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ಮದರಾಸು ಸಮುದ್ರದ ಊರು, ಅಲ್ಲಿ ಗೋಡೆಯೂ ಬೆವರುತ್ತದೆ. ನನ್ನಂಥ ಮೈಕಿಗೆ ತೇವ ಎಂದರೆ ಮೃತ್ಯು. ಅದಕ್ಕೆ ಅವನು ಒಂದು ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಒಂದು ಸಣ್ಣ ಬಲ್ಬು ಹಾಕಿದ. ಕೆಲಸ ಮುಗಿದ ಕೂಡಲೇ ನನ್ನನ್ನು ಆ ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದ. ಯಾರೂ ನನ್ನ ಮೇಲೆ ಊದುವಂತಿಲ್ಲ, ಮುಟ್ಟುವಂತಿಲ್ಲ. ಒಮ್ಮೆ ಒಬ್ಬ ನಿರ್ಮಾಪಕರು ಬೆರಳಲ್ಲಿ ನನ್ನ ತಲೆ ಕುಟ್ಟಿ ‘ಕೇಳ್ಸುತ್ತಾ?’ ಎಂದಾಗ ತಣಿಕಾಚಲಂ ಅವರ ಕೈಯನ್ನೇ ಹಿಡಿದು ಪಕ್ಕಕ್ಕಿಟ್ಟಿದ್ದ. ಇಷ್ಟು ಮುದ್ದು ಮಾಡಿದರೆ ಯಾರಿಗೆ ತಾನೇ ಕೊಬ್ಬು ಬರುವುದಿಲ್ಲ ಹೇಳಿ?

ಆಗಿನ ಕಾಲದಲ್ಲಿ ಹಾಡು ರೆಕಾರ್ಡ್ ಮಾಡುತ್ತಿದ್ದ ರೀತಿಯನ್ನು ನಿಮಗೆ ಹೇಳಬೇಕು. ದೊಡ್ಡ ಹಾಲಿನಲ್ಲಿ ಐವತ್ತು ಜನ ವಾದ್ಯದವರು. ಪಕ್ಕದಲ್ಲಿ ಗಾಜಿನ ಒಂದು ಸಣ್ಣ ಕೋಣೆ, ಅಲ್ಲಿ ಗಾಯಕಿ ಮತ್ತು ನಾನು. ಇನ್ನೊಂದು ಗಾಜಿನಾಚೆ ಎಂಜಿನಿಯರ್ ಮತ್ತು ಸಂಗೀತ ನಿರ್ದೇಶಕರು. ಎಲ್ಲರೂ ಒಟ್ಟಿಗೆ, ಒಂದೇ ಉಸಿರಿಗೆ. ಕೊನೆಯ ಸಾಲಿನಲ್ಲಿ ಒಬ್ಬ ಪಿಟೀಲಿನವನು ತಪ್ಪಿದರೂ ಮತ್ತೆ ಮೊದಲಿನಿಂದ. ಗಾಯಕಿಗೆ ಹೆಡ್‌ಫೋನಿನಲ್ಲಿ ವಾದ್ಯಗಳು ಕೇಳುತ್ತವೆ, ತನ್ನ ಧ್ವನಿ ಮಾತ್ರ ತನ್ನ ಗಂಟಲಿನಿಂದಲೇ. ನನ್ನ ಮೂಲಕ ಹೋದದ್ದು ಹೇಗೆ ಕೇಳುತ್ತದೆ ಎಂಬುದು ಗಾಜಿನಾಚೆ ಕೂತವರಿಗಷ್ಟೇ ಗೊತ್ತು. ಅವರು ‘ಓಕೆ’ ಎಂದರೆ ಓಕೆ, ‘ಒನ್ ಮೋರ್’ ಎಂದರೆ ಒನ್ ಮೋರ್. ಅದಕ್ಕೆ ಎದುರು ಮಾತಿಲ್ಲ.

ಎಂತೆಂಥ ಗಾಯಕರು ನನ್ನೆದುರು ನಿಂತರು! ಮೆಣಸು ಹಾಕಿದ ಬಿಸಿನೀರಿನ ಫ್ಲಾಸ್ಕು ತರುವವರು, ಚಪ್ಪಲಿ ಬಿಟ್ಟು ಕೈಮುಗಿದು ಒಳಗೆ ಬರುವವರು, ಹಾಡುವ ತನಕ ಜೋಕು ಹೊಡೆದು ಪಲ್ಲವಿ ಶುರುವಾದ ಕೂಡಲೇ ಅಳಿಸಿಬಿಡುವವರು. ಬೆಳಿಗ್ಗೆ ಒಬ್ಬಾಕೆ ಹಾಡಿ ಮನೆಗೆ ಹೋದರೆ, ನಾಲ್ಕು ತಿಂಗಳ ಮೇಲೆ ಯಾವುದೋ ನಾಯಕಿ ತೆರೆಯ ಮೇಲೆ ಆ ಧ್ವನಿಗೆ ತುಟಿಯಾಡಿಸಿ ಶಿಳ್ಳೆ ಗಿಟ್ಟಿಸುತ್ತಿದ್ದಳು. ನನಗಂತೂ ಇವೆಲ್ಲ ನನ್ನದೇ ಹಾಡುಗಳು ಎಂಬ ಭ್ರಮೆ. ಮೂಲೆಯಲ್ಲಿ ಕೋರಸ್ ಹುಡುಗಿಯರಿಗೆಂದು ಇಟ್ಟಿದ್ದ ಬಡಪಾಯಿ ಮೈಕನ್ನು ನಾನು ಒಂದು ದಿನವೂ ಮಾತಾಡಿಸಲಿಲ್ಲ.

ಆ ಕೋರಸ್ ಮೈಕಿನ ಮುಂದೆ ಎರಡು ವರ್ಷದಿಂದ ಆರು ಜನರಲ್ಲಿ ಒಬ್ಬಳಾಗಿ ನಿಲ್ಲುತ್ತಿದ್ದವಳು ವನಜಾಕ್ಷಿ. ಬಂಗಾರಪೇಟೆಯ ಹುಡುಗಿ. ತಂದೆ ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದವರು, ತೀರಿಕೊಂಡಿದ್ದರು. ಮನೆಯ ಮಾತು ಕನ್ನಡ. ಆದರೆ ಅಕ್ಕಪಕ್ಕದ ಮನೆಗಳಿಂದಲೂ ಸಿಲೋನ್ ರೇಡಿಯೋದಿಂದಲೂ ತಮಿಳು ಅವಳ ನಾಲಗೆಗೆ ಸಲೀಸಾಗಿ ಹತ್ತಿತ್ತು. ತಾಯಿ ತುಂಗಮ್ಮ ಎಲ್ಲ ರೆಕಾರ್ಡಿಂಗಿಗೂ ಜೊತೆಗೆ ಬಂದು, ಹೊರಗಿನ ಬೆಂಚಿನ ಮೇಲೆ ಕೂತು ಹೂ ಕಟ್ಟುತ್ತಿದ್ದರು. ಹಿನ್ನೆಲೆ ಗಾಯಕಿಯಾಗಬೇಕು ಎಂಬ ಒಂದೇ ಆಸೆ ಹೊತ್ತು ತಾಯಿ ಮಗಳು ಆ ಊರಿನಲ್ಲಿ ಒಂದು ಕೋಣೆಯಲ್ಲಿದ್ದರು.

ಒಂದು ದಿನ ರಿಹರ್ಸಲ್ಲಿಗೆ ದೊಡ್ಡ ಗಾಯಕಿ ಬರುವುದು ತಡವಾಯಿತು. ಸಂಗೀತ ನಿರ್ದೇಶಕ ವೈದ್ಯಲಿಂಗಂ ಅವರು ‘ಯಾರಾದ್ರೂ ಸುಮ್ನೆ ಹಾಡ್ರಮ್ಮ, ವಾದ್ಯದವ್ರಿಗೆ ದಾರಿ ಸಿಗ್ಲಿ’ ಎಂದರು. (ಅಲ್ಲಿ ಎಲ್ಲರೂ ಆಡುತ್ತಿದ್ದದ್ದು ತಮಿಳು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.) ವನಜಾಕ್ಷಿ ಮುಂದೆ ಬಂದು ಹಾಡಿದಳು. ಅಯ್ಯೋ, ಅದೇನು ಧ್ವನಿ! ಮೇಲಿನ ಸ್ಥಾಯಿಗೆ ಹೋದಾಗ ಎಲ್ಲರೂ ಗಂಟಲು ಬಿಗಿಯುತ್ತಾರೆ. ಇವಳು ಮಹಡಿಯ ಮೆಟ್ಟಿಲು ಹತ್ತಿ ತಾರಸಿಗೆ ಬಂದವಳಂತೆ ಆರಾಮಾಗಿ ನಿಂತುಬಿಟ್ಟಳು. ವೈದ್ಯಲಿಂಗಂ ಹಾರ್ಮೋನಿಯಂ ನಿಲ್ಲಿಸಿ ನೋಡಿದರು.

ಎರಡು ತಿಂಗಳಾದ ಮೇಲೆ ಅವರು ಅವಳನ್ನು ಕರೆದು ಒಂದು ಪೂರ್ತಿ ಹಾಡು ಕೊಟ್ಟರು. ಗುಡ್ಡದ ಈಚೆ ನಿಂತ ಹುಡುಗಿ ಆಚೆ ಇರುವ ತನ್ನವನನ್ನು ಕೂಗಿ ಕರೆಯುವ ಹಾಡು. ಚರಣದ ಕೊನೆಯಲ್ಲಿ ಸ್ವರ ತಾರಸ್ಥಾಯಿಗೆ ಏರಿ ಅಲ್ಲೇ ನಿಲ್ಲಬೇಕು. ‘ಪಳಗಿದ ಧ್ವನಿ ನನಗೆ ಬೇಡ, ಇದು ಹಳ್ಳಿ ಹುಡುಗಿಯ ಕೂಗು. ನೀನೇ ಹಾಡು’ ಎಂದರು. ವಿಜಯದಶಮಿಯ ದಿನ ಬೆಳಿಗ್ಗೆ ಏಳು ಗಂಟೆಗೆ ರೆಕಾರ್ಡಿಂಗು. ಹೊಸ ಗಾಯಕಿ ಶುರು ಮಾಡುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ಯಾವುದಿದೆ? ಹಾಡು ಸಿಕ್ಕ ಸುದ್ದಿ ಕೇಳಿ ತುಂಗಮ್ಮ ಬೆಂಚಿನ ಮೇಲೆ ಕೂತು ಹೂ ಕಟ್ಟಲಾಗದೆ ಬರೀ ಅತ್ತರು.

ವಿಜಯದಶಮಿಯ ಹಿಂದಿನ ದಿನ ಆಯುಧಪೂಜೆ. ಥಿಯೇಟರಿನಲ್ಲಿ ಅಂದು ಕೆಲಸವಿಲ್ಲ. ಹಾಲನ್ನು ತೊಳೆದು ಬಾಳೆಕಂದು ಕಟ್ಟಿ, ಪಿಟೀಲು, ವೀಣೆ, ತಬಲ, ಶಹನಾಯಿ, ಕೊನೆಗೆ ಸ್ಕ್ರೂಡ್ರೈವರನ್ನೂ ಸಾಲಾಗಿ ಇಟ್ಟು ಎಲ್ಲಕ್ಕೂ ಗಂಧ ಕುಂಕುಮ ಹಚ್ಚುವುದು ಅಲ್ಲಿನ ಪದ್ಧತಿ. ತಣಿಕಾಚಲಂ ನನ್ನನ್ನೂ ತಂದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಪ್ರತಿ ವರ್ಷವೂ ನನ್ನ ಸ್ಟ್ಯಾಂಡಿಗೆ ಬೊಟ್ಟಿಡುತ್ತಿದ್ದರೇ ಹೊರತು ನನ್ನನ್ನು ಮುಟ್ಟಲು ಅವನು ಬಿಡುತ್ತಿರಲಿಲ್ಲ.

ಆ ವರ್ಷ ವನಜಾಕ್ಷಿ ಗಂಧದ ಬಟ್ಟಲು ಹಿಡಿದು ಬಂದಳು. ತಾಯಿ ತೇಯ್ದು ಕೊಟ್ಟ ಗಂಧ, ನೀರು ನೀರಾಗಿತ್ತು. ನನ್ನ ಮುಂದೆ ನಿಂತು, ‘ಅಣ್ಣಾ, ನಾಳೆ ಇದೇ ನನ್ನ ದೇವರು. ಇವರಿಗೆ ಒಂದು ಬೊಟ್ಟು ಇಡ್ಲಾ?’ ಎಂದು ತಣಿಕಾಚಲಂನನ್ನು ಕೇಳಿದಳು. ಅವನು ಬೇಡ ಎನ್ನಬೇಕಿತ್ತು. ಹಬ್ಬದ ದಿನ, ಕಣ್ತುಂಬ ಆಸೆ ಇಟ್ಟುಕೊಂಡು ನಿಂತ ಹುಡುಗಿ. ಬೇಡ ಎನ್ನಲು ಬಾಯಿ ಬರಲಿಲ್ಲ ಪಾಪ. ‘ಸಣ್ಣದಾಗಿ ಇಡಮ್ಮ’ ಎಂದ. ಅವಳು ಮೂರು ಬೆರಳಿನಿಂದ ನನ್ನ ಜಾಲರಿಯ ಹಣೆಗೆ ಧಾರಾಳವಾಗಿ ಗಂಧ ಬಳಿದು, ನಡುವೆ ಕುಂಕುಮವಿಟ್ಟು, ಕೈಮುಗಿದಳು.

ನಿಜ ಹೇಳುತ್ತೇನೆ, ಆಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ‘ದೇವರು’ ಎಂದಳಲ್ಲ! ಮೂಲೆಯ ಕೋರಸ್ ಮೈಕಿನತ್ತ ಒಮ್ಮೆ ನೋಡಿ ಬೀಗಿದೆ. ತಂಪಾದ ಗಂಧದ ನೀರು ಜಾಲರಿಯ ತೂತುಗಳಿಂದ ಇಳಿದು ನನ್ನ ಪೊರೆಗೆ ತಾಕಿದಾಗಲೂ ಹಿತವಾಯಿತೇ ಹೊರತು ಹೆದರಿಕೆಯಾಗಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಪೂಜೆ ಮುಗಿದ ಮೇಲೆ ತಣಿಕಾಚಲಂ ನನ್ನನ್ನು ಪೆಟ್ಟಿಗೆಗೆ ಸೇರಿಸಲು ಬಂದ. ವೈದ್ಯಲಿಂಗಂ ತಡೆದರು. ‘ಪೂಜೆಗೆ ಕೂತ ಸಾಮಾನು ಇವತ್ತು ಎತ್ತಬಾರದಯ್ಯ. ನಾಳೆ ಬೆಳಿಗ್ಗೆ ಮಂಗಳಾರತಿ ಆದ್ಮೇಲೆ ತಗೊಂಡ್ರೆ ಆಯ್ತು. ಸರಸ್ವತಿ ಇಲ್ಲೇ ಇರ್ತಾಳೆ’ ಎಂದರು. ಇದು ನಿಮಗೂ ಗೊತ್ತಿರುವ ಪದ್ಧತಿಯೇ. ಪೂಜೆಗಿಟ್ಟ ಪುಸ್ತಕವನ್ನು ಆ ದಿನ ಓದುವುದಿಲ್ಲ, ವೀಣೆಯನ್ನು ನುಡಿಸುವುದಿಲ್ಲ. ತಣಿಕಾಚಲಂ ತಲೆ ಕೆರೆದುಕೊಂಡ. ಹೊರಗೆ ತಮಿಳರ ಐಪ್ಪಸಿ ತಿಂಗಳ ಹಿಂಗಾರು ಮಳೆ ಹನಿಯುತ್ತಿತ್ತು. ಬಾಗಿಲು ಹಾಕಿಕೊಂಡು ಹೋದ. ಬಲ್ಬಿನ ಬಿಸಿಯಿಲ್ಲದೆ ಒದ್ದೆ ಗಂಧ ಹೊತ್ತು ನಾನು ಮರುದಿನದವರೆಗೂ ಅಲ್ಲೇ ನಿಂತಿದ್ದೆ.

ವಿಜಯದಶಮಿಯ ಬೆಳಿಗ್ಗೆ ಅವನು ಬಂದವನೇ ನನ್ನ ಜಾಲರಿಯ ಹೊರಗಿನ ಗಂಧವನ್ನು ಬಟ್ಟೆಯಿಂದ ಒರೆಸಿದ. ಒಳಗೆ ಬಿಚ್ಚಿ ನೋಡಲು ಸಮಯವಿರಲಿಲ್ಲ. ‘ಒನ್, ಟೂ, ತ್ರೀ’ ಎಂದು ನೋಡಿದ. ಸರಿಯಾಗೇ ಕೇಳಿಸಿತು. ಸಣ್ಣ ಸದ್ದಿಗೆ ನನಗೇನೂ ಆಗಿರಲಿಲ್ಲವಲ್ಲ.

ವನಜಾಕ್ಷಿ ಹಸಿರು ರೇಷ್ಮೆ ಸೀರೆಯುಟ್ಟು ಬಂದಳು. ಪಲ್ಲವಿ ಚೆನ್ನಾಗಿ ಹೋಯಿತು. ಚರಣದ ಮೊದಲ ಸಾಲುಗಳೂ ಹೋದವು. ಕೊನೆಯ ಸಾಲಿನಲ್ಲಿ ಅವಳು ಮೇಲಕ್ಕೇರಿದಳು. ಗಟ್ಟಿ ಧ್ವನಿ, ಬಿಸಿ ಉಸಿರು. ಒದ್ದೆಯಾಗಿದ್ದ ನನ್ನ ಪೊರೆ ತಡೆಯಲಾರದೆ ಚರಚರ ಎಂದು ಕೆಮ್ಮಿತು. ಗಾಜಿನಾಚೆಯ ಸ್ಪೀಕರಿನಲ್ಲಿ, ಐವತ್ತು ವಾದ್ಯಗಳ ನಡುವೆ, ಆ ಕೆಮ್ಮು ಅವಳ ಧ್ವನಿಯೊಳಗೇ ಬೆರೆತು ಕೇಳಿಸಿತು. ಧ್ವನಿ ಸೀಳಿದ ಹಾಗೆ.

‘ಕಟ್! ಮೇಲೆ ಒಡೀತಿದೆಯಮ್ಮ. ಒನ್ ಮೋರ್.’

ಎರಡನೆಯ ಸಲವೂ ಅದೇ. ಮೂರನೆಯ ಸಲವೂ ಅದೇ. ಹಾಡಿದಷ್ಟೂ ಅವಳ ಉಸಿರಿನ ಬಿಸಿಗೆ ನಾನು ಇನ್ನಷ್ಟು ಒದ್ದೆಯಾಗುತ್ತಿದ್ದೆ. ‘ಸಾರ್, ನನಗೆ ಒಡೆದ ಹಾಗೆ ಅನ್ನಿಸ್ತಿಲ್ಲ ಸಾರ್’ ಎಂದಳು. ‘ನಮಗೆ ಕೇಳ್ತಿದೆಯಲ್ಲಮ್ಮ’ ಎಂದು ವೈದ್ಯಲಿಂಗಂ ಗದರಿದರು. ಐದನೆಯ ಸಲಕ್ಕೆ ಅವರು ಎಂಜಿನಿಯರ್ ಕಡೆ ತಿರುಗಿ, ‘ಏನಯ್ಯ, ನಿನ್ನ ಮೈಕ್ ಸರಿಯಾಗಿದೆಯಾ?’ ಎಂದು ಕೇಳಿದರು. ಈಗ ನನ್ನನ್ನು ಬಿಚ್ಚುತ್ತಾರೆ, ಕೆಟ್ಟಿತು ಎಂದು ಮೂಲೆಗೆಸೆಯುತ್ತಾರೆ, ನನ್ನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ ಎಂದು ನಡುಗಿದೆ. ತಣಿಕಾಚಲಂ ಗಾಜಿನಾಚೆಯಿಂದ ನನ್ನತ್ತ ನೋಡಿದ. ಮೈಕಿನ ಉಸ್ತುವಾರಿ ಅವನದು, ಗಂಧ ಹಚ್ಚಲು ಬಿಟ್ಟವನೂ ಅವನೇ. ಹಾಲಿನ ತುಂಬ ಜನ ಕಾಯುತ್ತಿದ್ದರು. ‘ಸರಿಯಾಗಿದೆ ಸಾರ್. ಬೆಳಿಗ್ಗೆ ನಾನೇ ನೋಡಿದ್ದೀನಿ’ ಎಂದುಬಿಟ್ಟ.

ಅದನ್ನು ಕೇಳಿ ನನಗೆ ಏನಾಯಿತು ಗೊತ್ತೇ? ಸಮಾಧಾನವಾಯಿತು. ಬದುಕಿದೆ ಎಂದುಕೊಂಡೆ. ಗಾಜಿನ ಕೋಣೆಯಲ್ಲಿ ನನ್ನೆದುರು ಒಂದು ಗೇಣು ದೂರದಲ್ಲಿ ಆ ಹುಡುಗಿ ಬೆವೆತು ನಿಂತಿದ್ದಾಳೆ, ಅವಳ ಗಂಟಲಿನಲ್ಲಿ ಒಂದು ಕೂದಲಿನಷ್ಟೂ ಒಡಕಿಲ್ಲ ಎಂದು ಜಗತ್ತಿನಲ್ಲಿ ಗೊತ್ತಿರುವವನು ನಾನೊಬ್ಬ, ಮತ್ತು ನಾನು ಬದುಕಿದೆ ಎಂದುಕೊಳ್ಳುತ್ತಿದ್ದೇನೆ! ಹೇಳುವ ಶಕ್ತಿ ನನಗಿರಲಿಲ್ಲ, ಒಪ್ಪುತ್ತೇನೆ. ಆದರೆ ಹೇಳಬೇಕು ಎಂಬ ಆಸೆಯೂ ಇರಲಿಲ್ಲ. ಇಂದಿಗೂ ನನ್ನನ್ನು ಸುಡುವುದು ಇದೇ.

ಒಂಬತ್ತನೆಯ ಟೇಕಿನ ಮೇಲೆ ಅವಳು ‘ನಾನೇ ಒಂದ್ಸಲ ಕೇಳ್ಲಾ ಸಾರ್?’ ಎಂದಳು. ಆಚೆ ಕೋಣೆಗೆ ಕರೆದು ಟೇಪು ಹಾಕಿದರು. ಅವಳು ನಿಂತುಕೊಂಡೇ ಕೇಳಿದಳು. ಮೇಲಿನ ಸ್ವರ ಬಂದಾಗ ಕೈ ತಾನಾಗಿ ಗಂಟಲಿಗೆ ಹೋಯಿತು. ‘ಹೌದು ಸಾರ್’ ಎಂದಳು, ‘ತಪ್ಪು ನಂದೇ. ನನಗೆ ಗೊತ್ತಾಗ್ಲಿಲ್ಲ. ಕ್ಷಮಿಸಿ.’

ಒಂದು ಗಂಟೆಗೆ ಪ್ಯಾಕಪ್ ಹೇಳಿದರು. ಅವಳು ತನ್ನ ಹಾಡಿನ ಹಾಳೆ ತೆಗೆದುಕೊಳ್ಳಲು ಗಾಜಿನ ಕೋಣೆಗೆ ಬಂದಳು. ಬಂದವಳು ನನ್ನ ಸ್ಟ್ಯಾಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಕನ್ನಡದಲ್ಲಿ ಮೆಲ್ಲಗೆ ‘ತಪ್ಪಾಯ್ತು’ ಎಂದಳು. ನನಗೆ! ನನ್ನಲ್ಲಿ ಕ್ಷಮೆ ಕೇಳಿದಳು! ಹೊರಗೆ ಬೆಂಚಿನಿಂದ ಎದ್ದ ತುಂಗಮ್ಮ ‘ಬಾ ಕಂದ, ಊಟ ಮಾಡೋಣ’ ಎಂದಷ್ಟೇ ಅಂದದ್ದು ಬಾಗಿಲಿನಿಂದ ಕೇಳಿಸಿತು.

ಎಲ್ಲರೂ ಹೋದ ಮೇಲೆ ತಣಿಕಾಚಲಂ ನನ್ನ ಜಾಲರಿ ಬಿಚ್ಚಿದ. ಬಂಗಾರದ ಪೊರೆಯ ಅಂಚಿಗೆ ಗಂಧದ ಹೆಪ್ಪು ಅಂಟಿತ್ತು. ಅದನ್ನು ದೀಪದ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಒಂದು ಸಣ್ಣ ಬ್ರಷ್ಷಿನಿಂದ ಎಲ್ಲವನ್ನೂ ತೆಗೆದು, ನನ್ನನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಬಲ್ಬು ಹಾಕಿದ. ನಾಳೆ ಹೇಳುತ್ತಾನೆ ಎಂದು ನಾನು ಎಣಿಸಿದೆ. ಹೇಳಲಿಲ್ಲ. ಹೇಳಿದ್ದರೆ ಅವನ ಕೆಲಸ ಹೋಗುತ್ತಿತ್ತು. ಮನೆಯಲ್ಲಿ ಹೆಂಡತಿ ಬಸುರಿ. ಅವನಿಗಾದರೂ ಒಂದು ನೆಪವಿತ್ತು.

ಮುಂದಿನ ವಾರ ಅದೇ ಹಾಡನ್ನು ದೊಡ್ಡ ಗಾಯಕಿ ಬಂದು ಹಾಡಿದರು. ಅಷ್ಟರಲ್ಲಿ ನಾನು ಚೆನ್ನಾಗಿ ಒಣಗಿದ್ದೆ. ಎರಡನೆಯ ಟೇಕಿಗೇ ಓಕೆ. ‘ನೋಡಿದ್ರಾ, ಮೈಕ್ ಅದೇ, ಥಿಯೇಟರ್ ಅದೇ. ಆ ಹುಡುಗಿಗೆ ಮೇಲೆ ಹೋದ್ರೆ ಧ್ವನಿ ಒಡೆಯುತ್ತೆ’ ಎಂದು ವೈದ್ಯಲಿಂಗಂ ಎಲ್ಲರೆದುರು ಹೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ತಾವು ಕೇಳಿದ್ದನ್ನು ಹೇಳಿದರು ಅಷ್ಟೇ. ಆದರೆ ಕೋಡಂಬಾಕ್ಕಂನಲ್ಲಿ ಅಂಥ ಮಾತಿಗೆ ಕಾಲು ಬರಲು ಒಂದು ದಿನ ಸಾಕು. ಮೇಲೆ ಹೋದರೆ ಒಡೆಯುವ ಧ್ವನಿ ಎಂದು ಹೆಸರಾದ ಮೇಲೆ ಕೋರಸ್ಸಿಗೂ ಅವಳನ್ನು ಯಾರೂ ಕರೆಯಲಿಲ್ಲ. ಪೊಂಗಲ್ ಹಬ್ಬಕ್ಕೆ ಮುಂಚೆಯೇ ತಾಯಿ ಮಗಳು ಊರಿಗೆ ಹೊರಟುಹೋದರೆಂದು ಕೇಳಿದೆ. ಹಾಡು ಮಾತ್ರ ಸೂಪರ್ ಹಿಟ್ಟು. ಚಹಾದಂಗಡಿ, ಮದುವೆಮನೆ, ಬಸ್ಸು ಎಲ್ಲೆಲ್ಲೂ ಅದೇ. ಆ ಹಾಡು ಕೇಳಿದಾಗಲೆಲ್ಲ ನನ್ನ ಪೊರೆ ಮುದುಡಿಹೋಗುತ್ತಿತ್ತು.

ಮುಂದಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹೊಸ ಯಂತ್ರಗಳು ಬಂದವು. ವಾದ್ಯದವರು ಒಂದು ದಿನ, ಗಾಯಕಿ ಇನ್ನೊಂದು ದಿನ, ಬೇಕಾದಷ್ಟು ಸಲ ತಿದ್ದಬಹುದು ಎಂದಾಯಿತು. ತಣಿಕಾಚಲಂ ನಿವೃತ್ತನಾದ. ಥಿಯೇಟರ್ ಒಡೆದು ಕಲ್ಯಾಣ ಮಂಟಪ ಕಟ್ಟಿದರು. ನನ್ನನ್ನು ಗುಜರಿ ಸಾಮಾನಿನ ಜೊತೆ ವಡಪಳನಿಯ ಒಂದು ಅಂಗಡಿಯವನು ಎತ್ತಿಕೊಂಡ. ಅವನು ಸಿನಿಮಾ ಶೂಟಿಂಗಿಗೆ ಸಾಮಾನು ಬಾಡಿಗೆಗೆ ಕೊಡುವವನು. ಸಿಂಹಾಸನ, ಪ್ಲಾಸ್ಟಿಕ್ಕಿನ ತಲೆಬುರುಡೆ, ಹಳೇ ಟೆಲಿಫೋನು, ಅವುಗಳ ನಡುವೆ ನಾನು. ಹಳೆಯ ಕಾಲದ ಹಾಡಿನ ದೃಶ್ಯ ಬಂದರೆ ನನ್ನನ್ನು ಒಯ್ಯುತ್ತಿದ್ದರು. ತಂತಿಯಿಲ್ಲ, ಕರೆಂಟಿಲ್ಲ. ನಾಯಕಿ ನನ್ನೆದುರು ನಿಂತು ತುಟಿಯಾಡಿಸುತ್ತಿದ್ದಳು, ಹಾಡು ಬೇರೆಲ್ಲಿಂದಲೋ ಬರುತ್ತಿತ್ತು. ನಾನು ಕೇಳುವವನಂತೆ ನಟಿಸುತ್ತಿದ್ದೆ. ತಕ್ಕ ಶಾಸ್ತಿ ಎಂದುಕೊಂಡೆ.

ಹೀಗೆ ಎಷ್ಟೋ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಹಳೇ ಥಿಯೇಟರಿನ ಮೈಕು ಇಲ್ಲಿದೆಯಾ ಎಂದು ಕೇಳುತ್ತ ಅಂಗಡಿಗೆ ಕೋಲೂರಿಕೊಂಡು ಒಬ್ಬ ಮುದುಕ ಬಂದ. ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಆ ಹಿಡಿತದಲ್ಲೇ ಗುರುತು ಸಿಕ್ಕಿತು. ತಣಿಕಾಚಲಂ! ಅವನು, ಅಲ್ಲ, ಇನ್ನು ಅವರು ಎನ್ನಬೇಕು, ನನ್ನನ್ನು ಮನೆಗೆ ತಂದು ಬಿಚ್ಚಿ, ಒರೆಸಿ, ಮಡಿಲಲ್ಲಿಟ್ಟುಕೊಂಡು ಮಾತಾಡಿದರು. ಅವರ ಕಿವಿ ಮಂದವಾಗಿತ್ತು. ಡಾಕ್ಟರು ಕಿವಿಗೊಂದು ಯಂತ್ರ ಹಾಕಿದ್ದರು. ಒಂದು ಸಂಜೆ ಮೊಮ್ಮಗಳು ಹಾಡಿ ತೋರಿಸಿದಾಗ ಇವರು, ‘ಮೇಲೆ ಹೋದ್ರೆ ನಿನ್ನ ಧ್ವನಿ ಒಡೆಯುತ್ತೆ ಕಣೇ’ ಎಂದು ನಕ್ಕರಂತೆ. ಮಗು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಯಿತಂತೆ. ಆಮೇಲೆ ಯಂತ್ರ ಬಿಚ್ಚಿ ನೋಡಿದರೆ ಅದರೊಳಗೆ ಬೆವರು. ‘ಒಡೆದಿದ್ದು ಮಗು ಅಲ್ಲ, ನನ್ನ ಕಿವಿ’ ಎಂದು ನನಗೆ ಹೇಳುತ್ತ ಆ ಮುದುಕ ಬಿಕ್ಕಿ ಬಿಕ್ಕಿ ಅತ್ತರು. ‘ಸಾಯೋ ಮುಂಚೆ ಬಂಗಾರಪೇಟೆಗೆ ಹೋಗ್ಬೇಕು ಕಣೋ. ನೀನೂ ಬಾ.’

ತಾವು ಕಾದಿಟ್ಟಿದ್ದ ಆ ಹಳೆಯ ಮರದ ಪೆಟ್ಟಿಗೆಯಲ್ಲೇ ನನ್ನನ್ನಿಟ್ಟುಕೊಂಡು ರೈಲಿಗೆ ಹೊರಟರು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದು ವನಜಾಕ್ಷಿಯ ಹೆಸರು ಹೇಳಿ ಆಟೋದವನನ್ನು ಕೇಳಿದರೆ, ‘ಪಾಟ್ಟು ಟೀಚರಾ, ಹಾಡು ಹೇಳ್ಕೊಡೋರು? ಬನ್ನಿ ಸಾರ್, ನಮ್ಮ ಹುಡುಗೀನೂ ಅಲ್ಲೇ ಕಲಿಯೋದು’ ಎಂದ. ಆ ಊರಿನಲ್ಲಿ ತಮಿಳು, ತೆಲುಗು, ಕನ್ನಡ ಎಲ್ಲ ಒಂದೇ ಬಾಯಲ್ಲಿ ಸಲೀಸು.

ಮನೆಯೊಳಗೆ ಪಾಠ ನಡೆಯುತ್ತಿತ್ತು. ಪೆಟ್ಟಿಗೆಯೊಳಗಿಂದಲೇ ಕೇಳಿಸಿಕೊಂಡೆ. ಒಬ್ಬ ಹುಡುಗಿ ಆಲಾಪದಲ್ಲಿ ಮೇಲೇರುತ್ತಿದ್ದಳು. ಅಷ್ಟರಲ್ಲಿ ಒಂದು ಮಾಗಿದ ಧ್ವನಿ ತಡೆಯಿತು. ‘ಸಾಕು, ಸಾಕು. ಅಷ್ಟು ಮೇಲೆ ಬೇಡಮ್ಮ, ಒಡೆದುಹೋಗುತ್ತೆ. ಶ್ರುತಿ ಇಳಿಸ್ಕೋ.’ ನಲವತ್ತಾರು ವರ್ಷ ಕಳೆದರೂ ಆ ಧ್ವನಿ ನನಗೆ ಗೊತ್ತಾಗದೇ ಇರುತ್ತದೆಯೇ? ಅವಳೇ ವನಜಾಕ್ಷಿ. ಅಂದರೆ ಇಷ್ಟು ವರ್ಷ ತಾನು ಮೇಲೆ ಹಾಡಲಿಲ್ಲ, ಕಲಿಯಲು ಬಂದ ಮಕ್ಕಳನ್ನೂ ಹಾಡಲು ಬಿಟ್ಟಿಲ್ಲ! ನಾನು ಕೆಮ್ಮಿದ್ದು ಒಂದು ಬೆಳಿಗ್ಗೆ. ಅದು ಎಷ್ಟು ಗಂಟಲುಗಳಿಗೆ ಹೋಗಿ ಕೂತಿತ್ತು ನೋಡಿ. ಪೆಟ್ಟಿಗೆಯೊಳಗೇ ಸತ್ತುಹೋಗಬಾರದೇ ಅನ್ನಿಸಿತು.

ಆಕೆಗೆ ತಣಿಕಾಚಲಂ ಅವರ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿದ ಮೇಲೆ ‘ಅಣ್ಣಾ!’ ಎಂದು ಸಂಭ್ರಮಪಟ್ಟು ಮಗಳನ್ನು ಕೂಗಿ ಕಾಫಿ ತರಿಸಿದಳು. ‘ನಮ್ಮೂರಿಗೆ ಬಂದು ಪಾನಿಪೂರಿ ತಿನ್ನದೇ ಹೋಗೋ ಹಾಗಿಲ್ಲ’ ಎಂದಳು. ಆಕೆ ಉಪಚಾರ ಮಾಡಿದಷ್ಟೂ ಇವರು ಕುಗ್ಗಿಹೋದರು. ಕೊನೆಗೆ ಕಾಫಿ ಲೋಟ ಕೆಳಗಿಟ್ಟು, ಪೆಟ್ಟಿಗೆ ತೆರೆದು ನನ್ನನ್ನು ಆಕೆಯ ಮುಂದಿಟ್ಟರು.

‘ಅಮ್ಮಾ, ಆವತ್ತು ಒಡೆದಿದ್ದು ನಿಮ್ಮ ಧ್ವನಿ ಅಲ್ಲ. ಇವನು. ಒಳಗೆ ತೇವ ಆಗಿತ್ತು. ಆವತ್ತೇ ಎಲ್ಲರೂ ಹೋದ್ಮೇಲೆ ನಾನು ಬಿಚ್ಚಿ ನೋಡ್ದೆ. ನೋಡಿಯೂ ಹೇಳ್ಲಿಲ್ಲ.’

ಆಕೆ ನನ್ನನ್ನೇ ನೋಡುತ್ತ ಕೂತಳು. ಹಾಗೆ ನೋಡುವಾಗ ತಲೆ ತಗ್ಗಿಸಲು ನನಗೆ ಕತ್ತಾದರೂ ಇರಬಾರದಿತ್ತೇ. ಆಮೇಲೆ ಅವಳ ಸಿಟ್ಟು ಒಮ್ಮೆಲೇ ಹೊರಬಂತು. ‘ಆವತ್ತೇ ಗೊತ್ತಿತ್ತಾ? ಆಮೇಲೂ ನಾವು ಮೂರು ತಿಂಗಳು ಅದೇ ಬೀದೀಲಿದ್ವಿ ಅಣ್ಣಾ! ನಮ್ಮಮ್ಮ ಒಂದೊಂದು ಥಿಯೇಟರ್ ಬಾಗಿಲಿಗೂ ಹೋಗಿ ಕೋರಸ್ಸಿಗಾದ್ರೂ ಕರೀರಿ ಅಂತ ಕೈಮುಗಿದ್ಲು. ಸಾಯೋವರ್ಗೂ ನನಗೆ ಗಂಟಲಿಗೆ ಕಷಾಯ ಕಾಸ್ಕೊಡ್ತಿದ್ಲು, ಗೊತ್ತಾ ನಿಮಗೆ? ಇಲ್ಲದ ರೋಗಕ್ಕೆ!’ ಅವಳ ಮಗಳು ಒಳಗಿಂದ ಓಡಿಬಂದಳು. ಪಾಠಕ್ಕೆ ಬಂದಿದ್ದ ಹುಡುಗಿಯರು ಬಾಗಿಲಲ್ಲಿ ನಿಂತರು. ತಣಿಕಾಚಲಂ ಕಾಲು ಹಿಡಿಯಲು ಬಗ್ಗಿದರು. ಆಕೆ ಹಿಂದೆ ಸರಿದಳು.

ಆಮೇಲೆ ಆಕೆ ಕೇಳಿದಳು, ‘ಅಷ್ಟು ಜೋಪಾನ ಮಾಡ್ತಿದ್ರಲ್ಲ, ತೇವ ಹೇಗಾಯ್ತು?’

ಇವರು ಗೋಡೆಯ ಕಡೆ ನೋಡಿದರು. ‘ಮಳೆಗಾಲ ಅಲ್ವಾಮ್ಮ’ ಎಂದರು. ನಿಜ ಒಪ್ಪಿಕೊಳ್ಳಲು ಅಷ್ಟು ದೂರ ಬಂದ ಮನುಷ್ಯ ಆ ಒಂದು ಮಾತಿಗೆ ಮತ್ತೆ ಸುಳ್ಳು ಹೇಳಿದರು. ಈ ಸಲ ತಮಗಾಗಿ ಅಲ್ಲ.

ಆದರೆ ಆಕೆ ನನ್ನನ್ನು ಕೈಗೆತ್ತಿಕೊಂಡಿದ್ದಳು. ಜಾಲರಿಯ ಮಡಿಕೆಯಲ್ಲಿ, ಯಾವ ಬಟ್ಟೆಗೂ ಎಟುಕದ ಒಂದು ಸಂದಿಯಲ್ಲಿ, ಒಂದಿಷ್ಟು ಹಳದಿ ಪುಡಿ, ಅದರ ಪಕ್ಕ ಕೆಂಪು ಚುಕ್ಕೆ ಇನ್ನೂ ಉಳಿದಿತ್ತು. ಆಕೆ ಉಗುರಿನಿಂದ ಕೆರೆದು ನೋಡಿದಳು. ಮೂಸಿದಳು. ತನ್ನ ಮೂರು ಬೆರಳುಗಳನ್ನು ನೋಡಿಕೊಂಡಳು.

‘ನಾನು ಇಟ್ಟ ಗಂಧ’ ಎಂದಳು. ತಣಿಕಾಚಲಂ ಕೋಲೂರಿಕೊಂಡು ಎದ್ದರು. ಅವರು ಹೊರಡುವಾಗ ಆಕೆ ಬಾಗಿಲ ತನಕ ಬಂದಳು. ‘ಹೊಟ್ಟೆಗೆ ಹಾಕ್ಕೊಂಡೆ ಅಂತ ಹೇಳೋಕಾಗಲ್ಲ ಅಣ್ಣಾ. ಆದ್ರೆ ಬಂದ್ರಲ್ಲ’ ಎಂದಳು. ನನ್ನನ್ನು ಅಲ್ಲೇ ಬಿಟ್ಟು ಅವರು ರೈಲಿಗೆ ಹೋದರು.

ಅಂದಿನಿಂದ ನಾನು ಆಕೆಯ ಮನೆಯಲ್ಲಿ, ತಂಬೂರಿಯ ಪಕ್ಕದ ಗೂಡಿನಲ್ಲಿ ಇದ್ದೇನೆ. ಮೊದಲ ಒಂದು ವಾರ ಆಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೊಂದು ದಿನ ಒಬ್ಬ ಹುಡುಗಿ ಅಭ್ಯಾಸಬಲದಿಂದ ಅರ್ಧಕ್ಕೇ ನಿಲ್ಲಿಸಿದಾಗ ಆಕೆ, ‘ಯಾಕೆ ನಿಲ್ಸಿದ್ಯೇ? ಹೋಗು ಮೇಲೆ. ಒಡೆದ್ರೆ ಒಡೀಲಿ’ ಎಂದುಬಿಟ್ಟಳು. ಹುಡುಗಿಯರು ಮುಖ ಮುಖ ನೋಡಿಕೊಂಡರು. ಆವತ್ತು ಆ ಮನೆಯಲ್ಲಿ ಆದ ಗಲಾಟೆ! ಒಬ್ಬೊಬ್ಬಳೂ ಕಿರುಚಿದ್ದೇ ಕಿರುಚಿದ್ದು. ಪಕ್ಕದ ಮನೆಯವರು ಬಂದು ವಿಚಾರಿಸಿಕೊಂಡು ಹೋದರು.

ಇವತ್ತು ಆಯುಧಪೂಜೆ. ಬೆಳಿಗ್ಗೆಯೇ ಆಕೆ ತಂಬೂರಿ, ಹಾರ್ಮೋನಿಯಂ, ಶ್ರುತಿಪೆಟ್ಟಿಗೆ, ಮಕ್ಕಳ ಪಾಠದ ಪುಸ್ತಕ ಎಲ್ಲವನ್ನೂ ಸಾಲಾಗಿಟ್ಟಳು. ಕೊನೆಗೆ ನನ್ನನ್ನೂ ತಂದಿಟ್ಟಳು. ಗಂಧದ ಬಟ್ಟಲು ಹಿಡಿದು ಒಂದೊಂದಕ್ಕೂ ಹಚ್ಚುತ್ತ ಬಂದಳು. ನನ್ನ ಮುಂದೆ ನಿಂತಾಗ ಮೂರು ಬೆರಳೂ ಒದ್ದೆಯಾಗಿದ್ದವು. ನಾನು ನಾಚಿಕೆಯಿಂದ ಮುದುಡಿದೆ. ಬೇಡ ತಾಯಿ, ನನಗೆ ಅದರ ಯೋಗ್ಯತೆಯಿಲ್ಲ ಎಂದು ಕೂಗಬೇಕೆನಿಸಿತು. ಆಕೆ ಕೈಯನ್ನು ಹಿಂದಕ್ಕೆಳೆದು, ಸೆರಗಿಗೆ ಬೆರಳು ಒರೆಸಿಕೊಂಡು, ಗಂಧವನ್ನು ನನ್ನ ಮರದ ಪೆಟ್ಟಿಗೆಗೆ ಹಚ್ಚಿದಳು. ನನ್ನ ಮುಂದೆ ನೀರು ಚಿಮುಕಿಸದ ಒಂದು ಸೇವಂತಿಗೆ ಹೂ ಇಟ್ಟಳು.

ಮಗಳೂ ಮಕ್ಕಳೂ ಪ್ರಸಾದಕ್ಕೆಂದು ಅಡಿಗೆಮನೆ ಕಡೆ ಹೋದರು. ಆಕೆ ಒಬ್ಬಳೇ ನನ್ನಿಂದ ಒಂದು ಗೇಣು ದೂರದಲ್ಲಿ ಕೂತು, ಕಣ್ಣು ಮುಚ್ಚಿ, ಆ ಗುಡ್ಡದ ಹಾಡನ್ನು ಎತ್ತಿಕೊಂಡಳು. ಪಲ್ಲವಿ ಬಂತು. ಚರಣ ಬಂತು. ಕೊನೆಯ ಸಾಲಿನಲ್ಲಿ ಅರವತ್ತೇಳು ವರ್ಷದ ಆ ಗಂಟಲು ನಲವತ್ತಾರು ವರ್ಷದಿಂದ ಹತ್ತದ ಮೆಟ್ಟಿಲು ಹತ್ತಿತು. ತುದಿಗೆ ಹೋಯಿತು, ಅಲ್ಲಿ ನಿಂತಿತು, ನಿಂತಲ್ಲೇ ಚರ್ರೆಂದು ಒಡೆಯಿತು.

ನನ್ನಲ್ಲಿ ಕರೆಂಟಿರಲಿಲ್ಲ, ತಂತಿಯಿರಲಿಲ್ಲ. ಪೊರೆ ಒಣಗಿಕೊಂಡಿತ್ತು. ಆಕೆ ಕಣ್ಣು ತೆರೆದು, ಕೈಯನ್ನು ಗಂಟಲಿಗಿಟ್ಟುಕೊಂಡು, ನನ್ನನ್ನು ನೋಡಿ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

‘ಇದು ನಂದೇ ಕಣೋ’ ಎಂದಳು, ‘ಇದು ಮಾತ್ರ ನಂದೇ.’